ಅಮೀನರ ಕೋಲಿನೊಳಗಿನ ಕತ್ತಿ

ಸರ್ಕಾರಕ್ಕೆ ಒಂದೊಂದು ಸಲ ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ. ಹಾಗೆ ಎಚ್ಚರವಾದ ಒಂದು ದಿನ ಪೊಲೀಸ್ ಠಾಣೆಯ ಗೋಡೆಗೆ ನೋಟೀಸು ಅಂಟಿತು. ಬಂದೂಕಿನ ಸುದ್ದಿ ಅದರಲ್ಲಿರಲಿಲ್ಲ. ಬಂದೂಕಿಗೆ ಬೇರೆ ಕಾಯಿದೆ, ಬೇರೆ ಗೋಡೆ. ಇದು ಚಿಲ್ಲರೆ ಆಯುಧಗಳ ಪಟ್ಟಿ. ಮುಷ್ಟಿಗೆ ತೊಡುವ ಕಬ್ಬಿಣದ ಉಂಗುರ, ಸರಪಳಿ ಕಟ್ಟಿದ ಜೋಡಿ ಕೋಲು, ಊದುಗೊಳವೆ, ಎಸೆಯುವ ಚಕ್ರ, ಬೆಲ್ಟಿನ ಬಕಲಿನೊಳಗಿನ ಚೂರಿ, ಎಲ್ಲಕ್ಕಿಂತ ಕೊನೆಯಲ್ಲಿ ಗುಪ್ತಿ, ಅಂದರೆ ಊರುಗೋಲಿನೊಳಗೆ ಅಡಗಿಸಿದ ಕತ್ತಿ. ಇವನ್ನು ಇಟ್ಟುಕೊಳ್ಳುವುದೂ ಅಪರಾಧ, ಹಿಡಿದು ಓಡಾಡುವುದೂ ಅಪರಾಧ. ಹಿಂದೆ ಲೈಸೆನ್ಸು ಪಡೆದವರೂ ತಿಂಗಳ ಕೊನೆಯ ದಿನ ಸಂಜೆ ಐದರೊಳಗೆ ಖುದ್ದಾಗಿ ತಂದು ಒಪ್ಪಿಸತಕ್ಕದ್ದು. ಒಪ್ಪಿಸದಿದ್ದರೆ ಎರಡು ವರ್ಷ ಸಜೆ.

ಊರಿಗೆ ಊರೇ ಮೊದಲು ನಕ್ಕಿತು. "ಇಂಥವೆಲ್ಲ ಯಾರ ಮನೇಲಿರುತ್ತೆ ಹೇಳಿ?" ಎಂದವರೇ ವಾರ ಕಳೆಯುವುದರೊಳಗೆ ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಠಾಣೆಯ ಮೆಟ್ಟಿಲು ಹತ್ತತೊಡಗಿದರು. ವ್ಯಾಯಾಮಶಾಲೆಯ ಮೇಷ್ಟ್ರು ಸರಪಳಿ ಕೋಲು ತಂದರು. ಇರುವೆಯನ್ನೂ ತುಳಿಯದಂಥ ಹಲ್ಲಿನ ಡಾಕ್ಟರು ಮೂರು ಚಕ್ರಗಳನ್ನು ಮೇಜಿನ ಮೇಲಿಟ್ಟು, "ಚಿಕ್ಕೋನಿದ್ದಾಗ ತಗೊಂಡಿದ್ದು" ಎಂದು ಹೇಳಿ ಹಿಂದಿರುಗಿ ನೋಡದೆ ಹೋದರು. ಠಾಣೆಯ ದಫ್ತರು ನೋಡಿಕೊಳ್ಳುವ ರೈಟರಿಗೆ ಊದುಗೊಳವೆಯನ್ನು ಯಾವ ಕಡೆಯಿಂದ ಊದಬೇಕೆಂದೇ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಿ ಗೋಡೆಯ ಕ್ಯಾಲೆಂಡರಿಗೆ ತೂತು ಬಿತ್ತು.

ಠಾಣೆಯಿಂದ ನಾನೂರು ಹೆಜ್ಜೆ ದೂರದಲ್ಲಿ ಕೊಡೆಯಕ್ಕನ ಅಂಗಡಿ. ಕೊಡೆ ರಿಪೇರಿ ಮಾಡುತ್ತಾಳೆ, ಊರುಗೋಲು ಮಾಡುತ್ತಾಳೆ, ಅದಕ್ಕೇ ಆ ಹೆಸರು. ಅಪ್ಪ ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ವರ್ಷವಾಗಿದೆ. ಅಂಗಡಿ ಅಪ್ಪನದೇ. ಮುಂದೆ ಕೆಲಸದ ಹಲಗೆ, ಅದರ ಮೇಲೆ ಇಕ್ಕಳ, ಸುತ್ತಿಗೆ, ಸ್ಪಿರಿಟ್ ದೀಪ, ಅರಗಿನ ತುಂಡು. ಸೂರಿನಿಂದ ಎಲುಬು ತೋರಿಸಿಕೊಂಡು ನೇತಾಡುವ ಕೊಡೆಗಳು. ಹಿಂದಿನ ಕೋಣೆಯಲ್ಲಿ ಅಮ್ಮ. ಅಮ್ಮನ ವಿಷಯ ಹೇಳದೆ ಕತೆ ಮುಂದಕ್ಕೆ ಹೋಗುವುದಿಲ್ಲ, ಅಮ್ಮ ಬಿಡುವುದೂ ಇಲ್ಲ.

ಅಮ್ಮನಿಗೆ ಎಂಬತ್ತು ದಾಟಿದೆ. ಕಣ್ಣು ಸುಮಾರು, ಕಿವಿ ಬಲು ಚುರುಕು, ಬಾಯಿ ಅದಕ್ಕಿಂತ ಚುರುಕು. ಮಹಡಿಯ ಮನೆಯವರು ಕುರ್ಚಿ ಎಳೆದರೆ ಸಾಕು, ತೀರಿಹೋದ ಗಂಡ ಮಾಡಿದ ಊರುಗೋಲನ್ನೆತ್ತಿ ಸೂರಿಗೆ ಡಬಡಬ ಬಡಿಯುತ್ತಾಳೆ. ಅದಕ್ಕೂ ಅವರು ಜಗ್ಗದಿದ್ದರೆ ಮಂಗಳವಾರ ಅದೇ ಕೋಲೂರಿಕೊಂಡು ಠಾಣೆಗೆ ಹೋಗಿ, ರೈಟರ ಮೇಜಿಗೆ ಬಡಿಯುತ್ತಾಳೆ. "ಏನಪ್ಪಾ, ಕುರ್ಚಿ ಎಳೆಯೋಕೆ ಕಾನೂನಿಲ್ವಾ ನಿಮ್ಮಲ್ಲಿ?" ರೈಟರು ಎದ್ದು ತಮ್ಮ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಡುತ್ತಾರೆ, ಚಹಾ ತರಿಸುತ್ತಾರೆ. ಇಂಥ ಮಂಗಳವಾರಗಳು ಎಷ್ಟಾಗಿವೆಯೋ ಲೆಕ್ಕವಿಲ್ಲ.

ನೋಟೀಸು ಓದಿದ ದಿನದಿಂದ ಕೊಡೆಯಕ್ಕ ಒಬ್ಬರ ದಾರಿ ಕಾಯುತ್ತಿದ್ದಳು. ಈಗ ಊರಿನಲ್ಲಿ ಉಳಿದಿರುವ ಗುಪ್ತಿ ಎನ್ನುವುದು ಒಂದೇ ಒಂದು, ಅದು ಅಮೀನರದು. ಅವರು ಕೋರ್ಟಿನ ಅಮೀನರಾಗಿದ್ದವರು. ಸಮನ್ಸು, ಜಪ್ತಿ ಆದೇಶ ಅಂಥ ಕಾಗದಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ. ಒಳ್ಳೆಯ ಸುದ್ದಿಯನ್ನು ಕೋರ್ಟು ಅಮೀನರ ಕೈಲಿ ಕಳಿಸುವುದಿಲ್ಲವಾದ್ದರಿಂದ ಅವರನ್ನು ಕಂಡರೆ ಬಾಗಿಲು ಮುಚ್ಚುವವರು, ನಾಯಿ ಬಿಡುವವರು, ಬಾಯಿಗೆ ಬಂದಂತೆ ಬೈಯುವವರೇ ಹೆಚ್ಚು. ಹೊಸದರಲ್ಲಿ ಅವರು ಬಾಗಿಲ ಸಂದಿಯಲ್ಲಿ ಕಾಗದ ತೂರಿಸಿ ಓಟ ಕೀಳುತ್ತಿದ್ದರಂತೆ. ಅದು ಸಾಹೇಬರಿಗೆ ಗೊತ್ತಾಗಿ ಕೆಲಸ ಹೋಗುವ ಹಂತಕ್ಕೆ ಬಂದಾಗ, ಯಾರೋ ಹೇಳಿದರೆಂದು ಕೊಡೆಯಕ್ಕನ ಅಪ್ಪನ ಹತ್ತಿರ ಗುಪ್ತಿ ಮಾಡಿಸಿಕೊಂಡರು.

ಆಗ ಕಾನೂನು ಬೇರೆ ಇತ್ತು. ಪ್ರಾಣಭಯ ಇರುವವರಿಗೆ ಗುಪ್ತಿಯ ಲೈಸೆನ್ಸು ಸಿಗುತ್ತಿತ್ತು, ಆದರೆ ಹಿಡಿ ಕೂಡುವ ಕುತ್ತಿಗೆಗೆ ಠಾಣೆಯವರು ಅರಗಿನ ಮೊಹರು ಒತ್ತಿ ಕೊಡುತ್ತಿದ್ದರು. ಜೀವಕ್ಕೇ ಸಂಚಕಾರ ಬಂದರೆ ಮಾತ್ರ ಮೊಹರು ಒಡೆದು ಕತ್ತಿ ಎಳೆಯಬೇಕು, ಎಳೆದ ದಿನವೇ ಠಾಣೆಗೆ ಬಂದು ಯಾಕೆ ಎಳೆದೆ ಎಂದು ಬರೆದುಕೊಡಬೇಕು. ವರ್ಷಕ್ಕೊಮ್ಮೆ ಮೊಹರು ತೋರಿಸಿ, ಅದರ ಮೇಲೆ ಹೊಸ ಅರಗಿನ ಮುದ್ರೆ ಒತ್ತಿಸಿಕೊಂಡು, ಲೈಸೆನ್ಸು ಮುಂದುವರಿಸಿಕೊಳ್ಳಬೇಕು. ಅಮೀನರು ಮೂವತ್ತೊಂದು ವರ್ಷ ತಪ್ಪದೆ ಹೋದರು, ಜ್ವರ ಬಂದ ವರ್ಷ ಕೂಡ. ಮೊಹರು ಒಂದು ಸಲವೂ ಒಡೆಯಲಿಲ್ಲ.

ಕಾಯಿಸಿ ಕಾಯಿಸಿ, ತಿಂಗಳ ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಮೀನರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಕೋಲು. ಕೂರಲಿಲ್ಲ.

"ನೋಡಮ್ಮಾ, ಕಾನೂನು ಅಂದ್ರೆ ಕಾನೂನು. ಇಟ್ಕೊಳ್ಳೋದು ಒಂದು ಕಲಮು. ಹಿಡ್ಕೊಂಡು ಓಡಾಡೋದು ಇನ್ನೊಂದು. ಕಾಣದ ಹಾಗೆ ಹಿಡ್ಕೊಂಡು ಓಡಾಡೋದು ಮೂರನೇದು. ಇವತ್ತು ಸಂಜೆ ಐದು ಗಂಟೆ ಒಂದು ನಿಮಿಷಕ್ಕೆ ನಾನು ಮೂರರಲ್ಲೂ ಸಿಕ್ಕಿಹಾಕ್ಕೊಳ್ತೀನಿ."

"ಅಷ್ಟೆಲ್ಲ ಗೊತ್ತಿದ್ದು ಇಷ್ಟು ದಿನ ಯಾಕೆ ಸುಮ್ನಿದ್ರಿ ಅಮೀನರೇ? ನಾನಿಲ್ಲಿ ದಿನಾ ಬಾಗಿಲು ನೋಡಿದ್ದೇ ಬಂತು."

ಅಮೀನರು ಜೇಬಿನಿಂದ ಠಾಣೆಯ ಕಾಗದ ತೆಗೆದು ಹಲಗೆಯ ಮೇಲಿಟ್ಟರು. ಕೋಲನ್ನು ಮಾಲೀಕರಿಗೇ ಬಿಟ್ಟು ಕತ್ತಿಯನ್ನಷ್ಟೇ ಒಪ್ಪಿಸಬಹುದು; ಮೊಹರು ಒಡೆದು ಕತ್ತಿ ತೆಗೆಯುವ ಕೆಲಸ ಕೋಲು ಮಾಡಿದ ಅಂಗಡಿಯವರದು. ನಂಬರು ಇಪ್ಪತ್ತಮೂರು, ಕತ್ತಿಯ ಉದ್ದ ಹದಿನಾಲ್ಕು ಅಂಗುಲ ಎಂದು ಅದರಲ್ಲಿ ಬರೆದಿತ್ತು.

"ಹೆದರಿಕೆ ಕಣಮ್ಮಾ," ಎಂದರು ಅಮೀನರು, ಆಚೆ ಬೀದಿ ನೋಡುತ್ತ. "ಹೊರಗೆ ಹೇಳ್ಬೇಡ. ಕಲ್ಲುಕ್ವಾರಿ ಧಣಿ ಗೊತ್ತಲ್ಲ? ನನಗಿಂತ ಮುಂಚೆ ಹೋದ ಇಬ್ಬರು ಅಮೀನರಲ್ಲಿ ಒಬ್ಬನ ಕಾಗದ ಹರಿದ, ಇನ್ನೊಬ್ಬನನ್ನ ಎತ್ತಿ ಕ್ವಾರಿ ಹೊಂಡಕ್ಕೇ ಎಸೆದ. ಅವನೆದುರು ಈ ಕೋಲು ಊರಿಕೊಂಡು ನಿಂತು ಹನ್ನೊಂದು ಪುಟದ ಆದೇಶ ಓದಿದೀನಿ, ಒಂದಕ್ಷರ ಬಿಡದೆ. ಸುತ್ತ ಎಂಟು ಜನ ಹಾರೆ ಹಿಡ್ಕೊಂಡು ನಿಂತಿದ್ರು. ಕೋಲು ಎತ್ತಲಿಲ್ಲ ನಾನು, ಎತ್ತೋ ಅಗತ್ಯಾನೇ ಬರ್ಲಿಲ್ಲ. ಒಳಗೆ ಕತ್ತಿ ಇದೆಯಲ್ಲ, ಆ ಧೈರ್ಯ. ಈಗ ಅದನ್ನ ತೆಗೆದ್ಬಿಟ್ರೆ..." ಕೋಲನ್ನು ಮೈಗೆ ಒತ್ತಿಕೊಂಡರು. "ಅಳಿಯನಿಗೆ ಐದೂವರೆಗೆ ಸ್ಕೂಟರ್ ತಗೊಂಡು ಬಾ ಅಂತ ಹೇಳಿದೀನಿ. ಬರೀ ಮರದ ಕೋಲು ಹಿಡ್ಕೊಂಡು ಮನೆವರೆಗೂ ನಡೆಯೋಕೆ ನನ್ ಕೈಲಾಗಲ್ಲ."

ಕೊಡೆಯಕ್ಕ ಕೈಲಿದ್ದ ಇಕ್ಕಳ ಕೆಳಗಿಟ್ಟಳು. ಎದೆ ಸೆಟೆಸಿಕೊಂಡು ನಡೆಯುವ ಈ ಮನುಷ್ಯನನ್ನು ಅವಳು ಹುಡುಗಿಯಾಗಿದ್ದಾಗಿನಿಂದ ನೋಡಿದವಳು. ಹನ್ನೊಂದು ಪುಟದ ಕತೆಯನ್ನು ಕೋಲಿನ ರಬ್ಬರು ಬದಲಿಸುವಾಗಲೆಲ್ಲ ಕೇಳಿದವಳು. ಆದರೆ ಈ ಹೆದರಿಕೆಯ ಮಾತು ಇವತ್ತೇ ಮೊದಲು.

"ನಾಲ್ಕು ಗಂಟೆಗೆ ಬನ್ನಿ, ತೆಗೆದಿಟ್ಟಿರ್ತೀನಿ," ಎಂದಳು. ಅಮೀನರು ಕೋಲನ್ನು ಹಲಗೆಯ ಮೇಲೆ ಮಲಗಿಸಿ, ಅದರ ಬೆನ್ನು ಸವರಿ, ಎದುರು ಸಾಲಿನ ಗ್ರಂಥಾಲಯಕ್ಕೆ ಹೋಗಿ ಕೂತರು. ಅಲ್ಲಿಗೆ ಇಪ್ಪತ್ತು ಹೆಜ್ಜೆ ಕೂಡ ಇಲ್ಲ. ಅಷ್ಟಕ್ಕೇ ಎರಡು ಸಲ ಹಿಂದೆ ತಿರುಗಿ ನೋಡಿದರು.

ಕೊಡೆಯಕ್ಕ ದೀಪ ಹಚ್ಚಿ ಅರಗಿಗೆ ಬಿಸಿ ತಾಗಿಸಿದಳು. ಮೂವತ್ತೊಂದು ವರ್ಷದ ಮುದ್ರೆಗಳು ಒಂದರ ಮೇಲೊಂದು ಕೂತಿದ್ದವು, ಮೆತ್ತಗಾಗಿ ಉದುರಿದವು. ಹಿತ್ತಾಳೆಯ ಉಂಗುರ ಒರೆಸಿ, ಹಿಡಿಯನ್ನು ಎಡಕ್ಕೆ ತಿರುಗಿಸಿ ಎಳೆದಳು. ಬರಲಿಲ್ಲ. ಎಣ್ಣೆ ಬಿಟ್ಟು ಕಾದು ಮತ್ತೆ ಎಳೆದಳು. ಕೋಲನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಜಗ್ಗಿದಳು. ಊಹೂಂ, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

"ಎಡಕ್ಕೆ ತಿರುಗಿಸೇ!" ಹಿಂದಿನ ಕೋಣೆಯಿಂದ ಅಮ್ಮ.

"ಎಡಕ್ಕೇ ತಿರುಗಿಸ್ತಿದೀನಮ್ಮಾ!"

"ನಿನ್ನ ಎಡ ಅಲ್ಲ, ಕೋಲಿನ ಎಡ!"

ಅಮ್ಮನೊಂದಿಗೆ ವಾದಕ್ಕೆ ಇಳಿಯುವಷ್ಟು ಹೊತ್ತು ಅವಳಿಗಿರಲಿಲ್ಲ. ಉಂಗುರವನ್ನು ಇಕ್ಕಳದಿಂದ ಬಿಡಿಸಿ ಮೇಲಕ್ಕೆ ಸರಿಸಿದಳು, ಭೂತಗನ್ನಡಿ ಹಿಡಿದು ನೋಡಿದಳು. ಉಂಗುರದ ಕೆಳಗೆ ಮರದ ಎಳೆಗಳು ಹಿಡಿಯಿಂದ ಬುಡದವರೆಗೂ ಒಂದೇ ಸಮ ಹರಿದಿದ್ದವು. ಕೊಯ್ದ ಗೆರೆ ಇಲ್ಲ, ಕೂಡಿಸಿದ ಗುರುತಿಲ್ಲ. ಗುಪ್ತಿ ಮಾಡಿದಾಗ ಅಪ್ಪ ಬುಡದ ಹಿತ್ತಾಳೆ ಟೊಪ್ಪಿಯ ಒಳಗೆ ನಂಬರು ಒತ್ತುತ್ತಿದ್ದ. ರಬ್ಬರು ಕಿತ್ತು, ಮೊಳೆ ಎಳೆದು, ಟೊಪ್ಪಿ ತೆಗೆದು ಬೆಳಕಿಗೆ ಹಿಡಿದಳು. ನಂಬರು ಇರಲಿಲ್ಲ.

ಅಮೀನರ ಕೋಲಿನಲ್ಲಿ ಕತ್ತಿ ಇಲ್ಲ. ಯಾವತ್ತೂ ಇರಲಿಲ್ಲ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ತಲೆಯಲ್ಲಿ ನೆನಪುಗಳು ಒಂದೊಂದಾಗಿ ಸರಿಯಾಗಿ ಜೋಡಿಕೊಂಡವು. ಅಪ್ಪನಿಗೆ ತನ್ನ ಕೈಕೆಲಸದ ಮೇಲೆ ಎಲ್ಲಿಲ್ಲದ ಜಂಬ. ಅಮೀನರ ಗುಪ್ತಿ ಮಾಡಿದಾಗ ಅದರದೇ ತೂಕ, ಅದರದೇ ಬಣ್ಣದ ಇನ್ನೊಂದು ಗಟ್ಟಿ ಕೋಲು ಮಾಡಿ, ಎರಡನ್ನೂ ಗಿರಾಕಿಗಳ ಮುಂದೆ ಹಿಡಿದು, "ಕತ್ತಿ ಯಾವುದರಲ್ಲಿದೆ ಹೇಳಿ ನೋಡೋಣ? ಚೀಟಿ ಕಟ್ಟದೇ ಹೋದ್ರೆ ನನಗೇ ಗೊತ್ತಾಗಲ್ಲ!" ಎಂದು ಮೀಸೆ ತಿರುವುತ್ತಿದ್ದ. ಆ ಜೋಡಿ ಕೋಲು ಅಂಗಡಿಯ ಮೂಲೆಯಲ್ಲೇ ಉಳಿದಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದನ್ನು ತನ್ನದು ಮಾಡಿಕೊಂಡಳು.

"ಅಮ್ಮಾ," ಕೊಡೆಯಕ್ಕ ಎದ್ದು ಹಿಂದಿನ ಕೋಣೆಗೆ ಹೋದಳು. "ನಿನ್ನ ಕೋಲು ಕೊಡು."

"ಯಾಕೆ? ಅವ್ರು ಈಗ ಕುರ್ಚಿ ಎಳೀತಾರೆ."

"ಎಳೀಲಿ, ಕೊಡು."

ರಬ್ಬರು ಕಿತ್ತಳು, ಟೊಪ್ಪಿ ತೆಗೆದಳು. ಒಳಗೆ ಅಪ್ಪನ ಕೈಯ ಓರೆ ಅಂಕಿ: ಇಪ್ಪತ್ತಮೂರು. ಲೈಸೆನ್ಸಿಲ್ಲದ ಹದಿನಾಲ್ಕು ಅಂಗುಲದ ಕತ್ತಿಯನ್ನು ಅಮ್ಮ ಇಷ್ಟು ವರ್ಷ ಮಂಗಳವಾರ ಮಂಗಳವಾರ ಪೊಲೀಸರ ಮೇಜಿಗೇ ಬಡಿದು ಬಂದಿದ್ದಾಳೆ.

"ಅಮೀನರಿಗೆ ಕೋಲು ಕೊಟ್ಟ ದಿನ ನೆನಪಿದೆಯಾ?"

"ಇಲ್ದೆ ಏನು? ನಿಮ್ಮಪ್ಪ ಹೊರಗೆ ಹೋಗಿದ್ರು, ನಾನೇ ಕೊಟ್ಟಿದ್ದು. ಎರಡೂ ಧೂಳು ಹಿಡಿದಿತ್ತು. ಚೀಟಿ ಬಿಚ್ಚಿ, ಎಣ್ಣೆ ಹಚ್ಚಿ ಒರೆಸಿ, ಮತ್ತೆ ಚೀಟಿ ಕಟ್ಟಿ, ಎಷ್ಟು ಚೆಂದ ಮಾಡಿ ಕೊಟ್ಟೆ ಗೊತ್ತಾ?"

"ಎರಡರ ಚೀಟೀನೂ ಒಟ್ಟಿಗೇ ಬಿಚ್ಚಿದ್ಯಾ?"

ಅಮ್ಮ ಬಾಯಿ ತೆರೆದಳು, ಮುಚ್ಚಿದಳು. ಹುಟ್ಟಿದಾಗಿನಿಂದ ಅಮ್ಮನನ್ನು ನೋಡಿದ ಕೊಡೆಯಕ್ಕ, ಮಾತಿಲ್ಲದ ಅಮ್ಮನನ್ನು ಮೊದಲ ಸಲ ನೋಡಿದಳು. ಮಹಡಿಯಲ್ಲಿ ಕುರ್ಚಿ ಕಿರ್ ಎಂದಿತು. ಅಮ್ಮ ತಲೆಯೆತ್ತಿ ಕೂಡ ನೋಡಲಿಲ್ಲ.

ಮಧ್ಯಾಹ್ನವೆಲ್ಲ ಕೊಡೆಯಕ್ಕನಿಗೆ ಊಟ ಸೇರಲಿಲ್ಲ. ಕತ್ತಿ ಸಿಕ್ಕಿತ್ತಲ್ಲ, ಕಾನೂನಿನ ಕಂಟಕ ಅರ್ಧ ಕಳೆದಂತೆಯೇ. ಈ ಕತ್ತಿಯನ್ನೇ ಅಮೀನರ ಕೈಗಿಟ್ಟು ಬಾಯಿಗೆ ಬೀಗ ಹಾಕಿಕೊಂಡರೆ ಯಾವ ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಆದರೆ ಆಮೇಲೆ? ಅಮೀನರು ಅಳಿಯನ ಸ್ಕೂಟರ್ ಹತ್ತಿ ಹೋಗುತ್ತಾರೆ, ಇವತ್ತು ಸ್ಕೂಟರು, ನಾಳೆ ಸ್ಕೂಟರು, ನಾಳಿದ್ದು ಹೊರಗೇ ಬರುವುದಿಲ್ಲ. ಕತ್ತಿ ಹೋಯಿತು, ಧೈರ್ಯವೂ ಹೋಯಿತು ಎಂದುಕೊಂಡು ಕಿಟಕಿಯಲ್ಲಿ ಕೂತುಬಿಡುತ್ತಾರೆ. ನಿಜ ಹೇಳಿದರೂ ಏನಾಗುತ್ತದೋ! ಮೂವತ್ತೊಂದು ವರ್ಷ ಮರದ ತುಂಡಿಗೆ ಲೈಸೆನ್ಸು ಮಾಡಿಸಿದ ಬೆಪ್ಪ ಎಂದು ಊರು ಆಡಿಕೊಂಡರೆ ಆ ಮನುಷ್ಯ ಮುರಿದುಹೋಗಬಹುದು. ತಪ್ಪು ತಮ್ಮ ಅಂಗಡಿಯದು, ಉಣ್ಣಬೇಕಾದವರು ಅವರು.

ನಾಲ್ಕಕ್ಕೆ ಸರಿಯಾಗಿ ಅಮೀನರು ಬಂದರು. ಹಲಗೆಯ ಮೇಲೆ ಒಂದೇ ರೀತಿಯ ಎರಡು ಕೋಲು ಕಂಡು ನಿಂತರು. ತಮ್ಮದು ಯಾವುದೆಂದು ಅವರಿಗೆ ಕೂಡಲೇ ಗೊತ್ತಾಯಿತು. ಹಿಂದೊಮ್ಮೆ ಸಮನ್ಸು ಕೊಡಲು ಹೋದಾಗ ಮರದ ಡಿಪೋದವರು ಬಿಟ್ಟ ನಾಯಿಯ ಹಲ್ಲಿನ ಗುರುತು ಅದರ ಬುಡದ ಹತ್ತಿರ ಇದೆ.

"ಅಮೀನರೇ, ಕೂತ್ಕೊಳ್ಳಿ. ಕೂತ್ಕೊಂಡ್ರೆ ಮಾತ್ರ ಹೇಳೋದು."

ಅವರು ಕೂತರು. ಅವಳು ಎಲ್ಲವನ್ನೂ ಹೇಳಿದಳು. ಸುತ್ತಿಬಳಸಲಿಲ್ಲ, ಬಣ್ಣ ಹಚ್ಚಲಿಲ್ಲ. ಉಂಗುರ ಸರಿಸಿ ಮರದ ಎಳೆ ತೋರಿಸಿದಳು, ಟೊಪ್ಪಿಯೊಳಗಿನ ನಂಬರು ತೋರಿಸಿದಳು. ಕೊನೆಗೆ ಅಮ್ಮನ ಕೋಲಿನ ಹಿಡಿಯನ್ನು ಎಡಕ್ಕೆ ತಿರುಗಿಸಿ ಎಳೆದಳು. ಇಷ್ಟು ವರ್ಷ ಸೂರಿಗೂ ಮೇಜಿಗೂ ಬಡಿಸಿಕೊಂಡಿದ್ದರೂ ಅಪ್ಪನ ಕೆಲಸ ಜರುಗಿರಲಿಲ್ಲ. ಕತ್ತಿ ಸದ್ದಿಲ್ಲದೆ ಜಾರಿ ಹೊರಬಂತು, ಒಂದು ಚುಕ್ಕೆ ತುಕ್ಕಿಲ್ಲದೆ.

ಅಮೀನರು ಕತ್ತಿಯನ್ನು ನೋಡಿದರು. ತಮ್ಮ ಕೋಲನ್ನು ನೋಡಿದರು. ಮತ್ತೆ ಕತ್ತಿಯನ್ನು ನೋಡಿದರು.

"ಅಂದ್ರೆ ಕ್ವಾರೀಲಿ ನನ್ ಕೈಲಿದ್ದದ್ದು?"

"ಕೋಲು."

"ಬರೀ ಕೋಲು?"

"ಬರೀ ಕೋಲು. ಕ್ಷಮಿಸಿ ಅಮೀನರೇ. ನಮ್ಮ ಅಂಗಡಿ ತಪ್ಪು."

ಅವರು ತಮ್ಮ ಕೋಲಿನ ಕುತ್ತಿಗೆಯ ಸುತ್ತ ಉಗುರಾಡಿಸಿ ಕೊಯ್ದ ಗೆರೆ ಹುಡುಕಿದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅವಳು ಹಿಡಿಯಿಂದ ಕತ್ತಿಯನ್ನು ಬಿಡಿಸಿ, ಕೊಡೆಯ ಕಪ್ಪು ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದಳು. ಕತ್ತಿಯ ಜಾಗಕ್ಕೆ ಮರದ ಗೂಟ ಕೂಡಿಸಿ, ಅಂಟು ಹಚ್ಚಿ, ಅಮ್ಮನ ಕೋಲನ್ನು ಹಗ್ಗ ಬಿಗಿದು ಒಣಗಲು ಇಟ್ಟಳು.

"ನೀವೇ ಹಿಡ್ಕೊಂಡು ಹೋಗ್ಬೇಕು. ಮಾಲೀಕರೇ ತರಬೇಕು ಅಂತ ಬರೆದಿದೆ. ನಾನೂ ಜೊತೆಗೆ ಬರ್ತೀನಿ."

ಠಾಣೆಗೆ ನಾನೂರು ಹೆಜ್ಜೆ. ಹತ್ತನೆಯ ಹೆಜ್ಜೆಗೇ ಅಮೀನರ ಹಣೆಯಲ್ಲಿ ಬೆವರು. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಬಟ್ಟೆಯ ಕಟ್ಟು. ಆ ಕಟ್ಟನ್ನು ಮೈಯಿಂದ ದೂರ ಚಾಚಿ ಹಿಡಿದಿದ್ದರು, ಒದ್ದೆ ಕೂಸನ್ನು ಹಿಡಿದವರ ಹಾಗೆ. ಎದುರಿಗೆ ಜನ ಬಂದರೆ ಗೋಡೆಗೆ ಸರಿದು ನಿಲ್ಲುವರು. "ಯಾರಿಗಾದ್ರೂ ತಾಗಿದ್ರೆ? ಎಡವಿ ಬಿದ್ರೆ? ನಿಧಾನ ನಡಿಯಮ್ಮಾ, ನಿಧಾನ." ಕ್ವಾರಿ ಧಣಿಯನ್ನು ಎದುರಿಸಿದ ಅಮೀನರು ಹಣ್ಣಿನ ಗಾಡಿ ದಾಟಲು ಎರಡು ನಿಮಿಷ ತೆಗೆದುಕೊಂಡರು.

ಐದಕ್ಕೆ ಹನ್ನೆರಡು ನಿಮಿಷ ಇದ್ದಾಗ ರೈಟರು ಕಟ್ಟು ಬಿಚ್ಚಿದರು. ಅಳತೆಪಟ್ಟಿ ಇಟ್ಟರು: ಹದಿನಾಲ್ಕು ಅಂಗುಲ. ಕತ್ತಿಯ ಬುಡದಲ್ಲೂ ನಂಬರು ಇಪ್ಪತ್ತಮೂರು. ಲೈಸೆನ್ಸಿನೊಂದಿಗೆ ತಾಳೆ ನೋಡಿ, "ಸರಿಯಾಗಿದೆ," ಎಂದು ಬರೆದುಕೊಂಡರು. ಆಮೇಲೆ ಸುಮ್ಮನೆ ರೂಢಿಗೆ ಕೇಳಿದರು: "ಬೇರೆ ಏನಾದ್ರೂ ಹೇಳೋದಿದೆಯಾ?"

"ಇದೆ," ಎಂದರು ಅಮೀನರು.

ಕೊಡೆಯಕ್ಕ ಅವರ ತೋಳು ಜಗ್ಗಿದಳು. ಆದರೆ ಜೀವಮಾನದಲ್ಲಿ ಒಂದು ಸುಳ್ಳು ವರದಿ ಬರೆಯದ ಮನುಷ್ಯನನ್ನು ತಡೆಯುವುದು ಹೇಗೆ? ಅವರು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಒಪ್ಪಿಸಿದರು. ಅದಲುಬದಲಾದ ಚೀಟಿ, ಗಟ್ಟಿ ಮರಕ್ಕೆ ಒತ್ತಿದ ಮೂವತ್ತೊಂದು ಮೊಹರು, ಈ ಕತ್ತಿ ಇಷ್ಟು ವರ್ಷ ಇದ್ದ ಜಾಗ, ಅದನ್ನು ಹಿಡಿದು ಓಡಾಡಿದ ಕೈ.

ರೈಟರು ಪೆನ್ನಿನ ತುದಿ ಕಚ್ಚಿಕೊಂಡು ಕೇಳಿದರು. ಅವರ ದೃಷ್ಟಿ ತಮ್ಮ ಮೇಜಿನ ಅಂಚಿನ ಕಡೆ ಹೋಯಿತು. ಅಲ್ಲಿ ಮಂಗಳವಾರಗಳ ಗುರುತು ಗುಳಿಗುಳಿಯಾಗಿ ಬಿದ್ದಿತ್ತು.

"ನಮ್ಮ ಅಜ್ಜೀನಾ?"

"ನಮ್ಮಮ್ಮಾನೇ," ಎಂದಳು ಕೊಡೆಯಕ್ಕ ಸಣ್ಣ ದನಿಯಲ್ಲಿ.

ರೈಟರು ಪುಸ್ತಕವನ್ನು ಇಬ್ಬರ ಕಡೆಗೂ ತಿರುಗಿಸಿದರು. "ನೋಡಿ ಅಮೀನರೇ, ಇದರಲ್ಲಿ ಇರೋದು ಐದೇ ಕಾಲಂ. ಏನು ಆಯುಧ, ಎಷ್ಟು ಉದ್ದ, ಯಾವ ನಂಬರು, ಯಾರ ಲೈಸೆನ್ಸು, ಯಾವತ್ತು ಒಪ್ಪಿಸಿದ್ರು. ಐದೂ ತುಂಬಿದೆ, ಐದೂ ನಿಜ. ನೀವೀಗ ಹೇಳಿದ್ದಕ್ಕೆ ಕಾಲಮ್ಮೇ ಇಲ್ಲ. ಮರಕ್ಕೆ ಮೊಹರು ಒತ್ತಿದ ರೈಟರುಗಳಿಗೂ ಕಾಲಂ ಇಲ್ಲ, ದೇವರು ದೊಡ್ಡವನು." ಪುಸ್ತಕ ಮುಚ್ಚಿ ಲೈಸೆನ್ಸಿಗೆ ಅಡ್ಡಗೆರೆ ಎಳೆದರು. "ಅಜ್ಜಿಗೆ ಹೇಳಿ, ಮಂಗಳವಾರ ಚಹಾ ಇದ್ದೇ ಇರುತ್ತೆ. ಮೇಜಿಗೆ ಮಾತ್ರ ಸ್ವಲ್ಪ ಮೆಲ್ಲಗೆ."

ಹೊರಗೆ ಬಂದಾಗ ಐದು ಹೊಡೆಯಿತು. ಕತ್ತಿ ಕೈಬಿಟ್ಟಿದ್ದೇ ತಡ, ಅಮೀನರ ನಡಿಗೆ ಸಲೀಸಾಯಿತು. ಕೋಲೂರಿಕೊಂಡು, ಎದೆ ಸೆಟೆಸಿಕೊಂಡು, ಎದುರಿನವರೇ ಸರಿಯುವ ಹಾಗೆ ನೂರು ಹೆಜ್ಜೆ ನಡೆದರು. ಇದನ್ನು ನೋಡಿ ಕೊಡೆಯಕ್ಕನಿಗೆ ಸಮಾಧಾನವಾಯಿತು ಎನ್ನುವಷ್ಟರಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮುಂದೆ ಅವರು ಗಕ್ಕನೆ ನಿಂತರು. ಮುಖ ಬಿಳಿಚಿಕೊಂಡಿತ್ತು.

"ಏನಾಯ್ತು ಅಮೀನರೇ? ಎದೆ ನೋವಾ?"

"ಎಂಟು ಜನ ಇದ್ರು ಕಣಮ್ಮಾ." ಅವರು ಮೆಟ್ಟಿಲ ಮೇಲೆ ಕೂತೇಬಿಟ್ಟರು. "ಹಾರೆ ಹಿಡ್ಕೊಂಡು ಎಂಟು ಜನ. ಹಿಂದೆ ಹೊಂಡ. ನಾನು ಹನ್ನೊಂದು ಪುಟ ಓದ್ತಾ ನಿಂತಿದ್ದೆ, ಬರೀ ಕೋಲು ಹಿಡ್ಕೊಂಡು! ಒಂದು ಏಟು ಹಾಕಿದ್ರೆ ಸಾಕಿತ್ತು. ಅಯ್ಯಯ್ಯೋ, ನನ್ ಹೆಂಡ್ತಿ ಆಗ ತುಂಬಿದ ಬಸುರಿ." ಅವರು ಕೋಲನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. "ಅವತ್ತು ಆಗ್ಬೇಕಾಗಿದ್ದ ಹೆದರಿಕೆ ಈಗ ಆಗ್ತಿದೆಯಲ್ಲಮ್ಮಾ!"

ಕೊಡೆಯಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕಿದಳು. ಅಮೀನರು ಒಂದಿಷ್ಟು ಹೊತ್ತು ಸರಿಯಾಗಿಯೇ ಹೆದರಿದರು. ಮೂವತ್ತು ವರ್ಷ ತಡವಾಗಿ ಬಂದ ಹೆದರಿಕೆ ಬೀದಿ ನೋಡಿತು, ಬಿಸಿಲು ನೋಡಿತು, ಹಣ್ಣಿನ ಗಾಡಿಯವನು ಕೂಗುವುದನ್ನು ಕೇಳಿತು, ಮಾಡಲು ಏನೂ ಕೆಲಸವಿಲ್ಲದೆ ಹೊರಟುಹೋಯಿತು. ಆಗ ಅವರಿಗೆ ನಗು ಬಂತು. ಮೊದಲು ಮೀಸೆಯಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನಾನೇ ಓದಿದ್ದು ಅದನ್ನ," ಎಂದರು ಕಣ್ಣೊರೆಸಿಕೊಳ್ಳುತ್ತ. "ನಾನೇ."

ಅಂಗಡಿಯಲ್ಲಿ ಅಮ್ಮ ಹಲಗೆಯ ಮುಂದೆ ಕಾಯುತ್ತ ಕೂತಿದ್ದಳು. ಮಾತು ಅವಳಿಗೆ ಮರಳಿ ಬಂದಿತ್ತು. ಅಮೀನರು ಒಳಗೆ ಕಾಲಿಡುವ ಮೊದಲೇ ಶುರುಮಾಡಿದಳು:

"ನೋಡಪ್ಪಾ ಅಮೀನಪ್ಪಾ, ನನ್ನ ಮಗಳು ತಪ್ಪು ಗಿಪ್ಪು ಅಂತ ಏನೋ ಹೇಳಿರ್ತಾಳೆ. ತಪ್ಪಲ್ಲ, ಬೇಕಂತಲೇ ಕೊ‌ಟ್ಟೆ ನಾನು. ಅವತ್ತು ನೀನು ಬಾಗಿಲಲ್ಲಿ ಹೇಗೆ ನಡುಗ್ತಾ ನಿಂತಿದ್ದೆ! ಆ ಕೈಗೆ ಕತ್ತಿ ಕೊಟ್ಟಿದ್ರೆ ಮೊದಲು ನಿನ್ನ ಕಾಲನ್ನೇ ಕುಯ್ಕೊಳ್ತಿದ್ದೆ. ಅದಕ್ಕೇ ಗಟ್ಟಿ ಕೋಲು ಕೊಟ್ಟೆ."

ಕೊಡೆಯಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ಸೂರು ನೋಡಿದಳು. ಚೀಟಿಯ ಸಂಗತಿ ಮಗಳ ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಅಮೀನರಿಗೂ ಅದು ಗೊತ್ತಿತ್ತು, ಮಧ್ಯಾಹ್ನವೇ ಕೇಳಿದ್ದರು, ಠಾಣೆಯಲ್ಲಿ ಬಾಯಿಪಾಠ ಒಪ್ಪಿಸಿದ್ದರು. ಆದರೂ ಅವರು ಅಮ್ಮನ ಮುಂದೆ ತಲೆ ಬಾಗಿ, "ಒಳ್ಳೇದು ಮಾಡಿದ್ರಿ ತಾಯಿ," ಎಂದರು. ಅದರಲ್ಲಿ ಗೇಲಿ ಎಳ್ಳಷ್ಟೂ ಇರಲಿಲ್ಲ.

ಐದೂವರೆಗೆ ಅಳಿಯ ಸ್ಕೂಟರ್ ತಂದು ಹಾರ್ನ್ ಮಾಡಿದ. ಅದೇ ಹೊತ್ತಿಗೆ ಮಹಡಿಯ ಮೇಲೆ ಕುರ್ಚಿ ಕಿರ್ ಎಂದು ಈ ಗೋಡೆಯಿಂದ ಆ ಗೋಡೆಯವರೆಗೆ ಹೋಯಿತು. ಅಮ್ಮನ ಕೈ ತಾನಾಗಿ ಕೋಲಿಗೆ ತಡಕಾಡಿತು.

"ಮುಟ್ಬೇಡಮ್ಮಾ, ಅಂಟು ಒಣಗಿಲ್ಲ! ನಾಳೆ ಬೆಳಿಗ್ಗೆವರೆಗೂ ಆಗಲ್ಲ."

"ನಾಳೆವರೆಗೂ ಸುಮ್ನಿರ್ಲಾ ನಾನು?" ಅಮ್ಮನ ಮುಖ ನೋಡಬೇಕಿತ್ತು, ಎಲ್ಲವನ್ನೂ ಕಳೆದುಕೊಂಡವಳಂತಿದ್ದಳು.

ಅಮೀನರು ಕೈಯಲ್ಲಿದ್ದ ಕೋಲನ್ನು ಒಂದು ಗಳಿಗೆ ನೋಡಿದರು. ನಾಯಿಯ ಹಲ್ಲಿನ ಗುರುತನ್ನು ಹೆಬ್ಬೆರಳಿಂದ ಸವರಿದರು. ಆಮೇಲೆ ಅದನ್ನು ಅಮ್ಮನ ಕೈಗಿಟ್ಟರು.

"ಇವತ್ತಿಗೆ ಇದನ್ನಿಟ್ಕೊಳ್ಳಿ ತಾಯಿ. ನಾಳೆ ಬಂದು ತಗೋತೀನಿ."

"ಅಮೀನರೇ, ಮತ್ತೆ ನೀವು?" ಎಂದಳು ಕೊಡೆಯಕ್ಕ.

ಅವರು ಉತ್ತರ ಕೊಡದೆ ಹೊಸ್ತಿಲು ದಾಟಿ, ಅಳಿಯನ ಭುಜ ತಟ್ಟಿದರು. "ನೀನು ಹೊರಡಪ್ಪಾ. ನಾನು ನಡ್ಕೊಂಡು ಬರ್ತೀನಿ, ಕ್ವಾರಿ ರಸ್ತೆ ಮೇಲಿಂದ."

"ಮಾವ, ಆ ರಸ್ತೆ ಸುತ್ತಾಗುತ್ತೆ."

"ಗೊತ್ತು."

ಕೊಡೆಯಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಅಮೀನರು ಬೀದಿಯ ನಟ್ಟನಡುವೆ ನಡೆದು ಹೋಗುತ್ತಿದ್ದರು. ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲು ಜೇಬಿಗೆ ಹಾಕಿದರು, ಆಮೇಲೆ ಬೆನ್ನ ಹಿಂದೆ ಕಟ್ಟಿದರು, ತಿರುವಿಗೆ ಬರುವ ಹೊತ್ತಿಗೆ ಎರಡನ್ನೂ ಬಿಟ್ಟು ಆರಾಮಾಗಿ ಬೀಸುತ್ತಿದ್ದರು. ಅವಳ ಕಣ್ಣು ತುಂಬಿಬಂತು. ಹಿಂದಿನ ಕೋಣೆಯಲ್ಲಿ ಅಮ್ಮ ಅಮೀನರ ಕೋಲೆತ್ತಿ ಸೂರಿಗೆ ಡಬಡಬ ಬಡಿದಳು.

"ಇದೇ ಚೆನ್ನಾಗಿದೆ ಕಣೇ," ಎಂದು ಒಳಗಿನಿಂದ ಕೂಗಿದಳು. "ಗಟ್ಟಿ ಇದೆ."